ಬಿ. ಜಿ. ಎಲ್. ಸ್ವಾಮಿ

ಹೂ ಬಿಡುವ ಸಸ್ಯಗಳ ವಂಶವೃಕ್ಷದಲ್ಲಿ ಮೊತ್ತಮೊದಲು ಕವಲೊಡೆದ ಕೊಂಬೆ ಯಾವುದು? ಬಹುಕಾಲ ಸಸ್ಯಶಾಸ್ತ್ರಜ್ಞರನ್ನು ಕಾಡಿದ ಈ ಪ್ರಶ್ನೆಯ ಅನ್ವೇಷಣೆಯಲ್ಲಿ ಕನ್ನಡಿಗರಾದ ಡಾ. ಬಿ. ಜಿ. ಎಲ್. ಸ್ವಾಮಿಯವರ ಪಾತ್ರವೂ ಉಂಟು.

ಸ್ವಾಮಿಯವರು 1918ರಲ್ಲಿ ಜನಿಸಿದರು. ತಂದೆ ಡಿ. ವಿ. ಗುಂಡಪ್ಪನವರು. ಮನೆಯಲ್ಲಿ ದೊರೆತ ಸಾಹಿತ್ಯದ ಸಂಸ್ಕಾರವೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕಲಿತ ಸಸ್ಯಶಾಸ್ತ್ರವೂ ಕೊನೆಯವರೆಗೆ ಅವರಲ್ಲಿ ಜೊತೆಯಾಗಿ ಬೆಳೆದವು. ಮೊದಲಿಗೆ ಅವರು ಆರ್ಕಿಡ್ ಸಸ್ಯಗಳ ಭ್ರೂಣರಚನೆಯನ್ನು ಅಭ್ಯಸಿಸಿದರು. ಅನಂತರ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಇರ್ವಿಂಗ್ ಬೈಲಿಯವರೊಡನೆ ಸಂಶೋಧನೆ ಕೈಕೊಂಡರು.

ಸಸ್ಯಗಳ ನಂಟನ್ನು ಅರಿಯಲು ಆಗ ಇದ್ದ ಮುಖ್ಯ ಸಾಧನ ಸೂಕ್ಷ್ಮದರ್ಶಕ. ಕಾಂಡವನ್ನೂ ಹೂವನ್ನೂ ಅತಿ ತೆಳುವಾಗಿ ಸೀಳಿ, ಬಣ್ಣವೂಡಿ, ಜೀವಕೋಶಗಳ ಜೋಡಣೆಯನ್ನು ಹೋಲಿಸಬೇಕಾಗಿತ್ತು. ಹೂ ಬಿಡುವ ಸಸ್ಯಗಳಲ್ಲಿ ಬಹುಪಾಲಿಗೆ ನೀರು ಸಾಗಿಸುವ ನಾಳಗಳಿವೆ. ನಾಳಗಳಿಲ್ಲದ ಕೆಲವು ಸಸ್ಯಗಳು ಪ್ರಾಚೀನ ಲಕ್ಷಣವನ್ನು ಉಳಿಸಿಕೊಂಡಿರಬೇಕೆಂಬುದು ತರ್ಕ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯ ದ್ವೀಪದಲ್ಲಿ ಮಾತ್ರ ಬೆಳೆಯುವ ಅಂಬೊರೆಲ್ಲ ಎಂಬ ಪೊದೆಯನ್ನು ಪರೀಕ್ಷಿಸಿದ ಬೈಲಿ ಮತ್ತು ಸ್ವಾಮಿಯವರು, ಅದು ನಾಳರಹಿತ ಸಸ್ಯಗಳಲ್ಲಿ ಹೊಸದೊಂದು ಬಗೆಯೆಂದು 1948ರಲ್ಲಿ ಪ್ರಕಟಿಸಿದರು. 1950ರಲ್ಲಿ ಸಾರ್ಕಾಂಡ್ರದಲ್ಲಿಯೂ ನಾಳಗಳಿಲ್ಲವೆಂದರು. ಈ ಎರಡನೆಯ ನಿರ್ಣಯ ಮಾತ್ರ ನಿಲ್ಲಲಿಲ್ಲ. 1987ರಲ್ಲಿ ಶರ್ವಿನ್ ಕಾರ್ಲ್‌ಕ್ವಿಸ್ಟರು ಅದರ ಕಾಷ್ಠದಲ್ಲಿ ನಾಳಗಳನ್ನು ಕಂಡರು. ಕಣ್ಣಳತೆಯ ಸಾಕ್ಷ್ಯಕ್ಕೆ ಇಂತಹ ಅಪಾಯ ಇದ್ದೇ ಇತ್ತು.

ಮುಂದೆ ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಸೇವೆ ಸಲ್ಲಿಸಿದರು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು ತಿಳಿಹಾಸ್ಯದಿಂದ ನಿರೂಪಿಸುವ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 1980ರಲ್ಲಿ ಅವರು ನಿಧನರಾದರು.

ಅದೇ ವರ್ಷ ಅಮೆರಿಕದ ಜೋಸೆಫ್ ಫೆಲ್ಸೆನ್‌ಸ್ಟೈನರು ‘ಫಿಲಿಪ್’ ಎಂಬ ತಂತ್ರಾಂಶವನ್ನು ಹೊರತಂದರು. ಓಲೆಗರಿಯ ಎರಡು ಪ್ರತಿಗಳಲ್ಲಿ ಒಂದೇ ತೆರನಾದ ತಪ್ಪುಗಳು ಮರುಕಳಿಸಿದರೆ, ಎರಡಕ್ಕೂ ಮೂಲಪ್ರತಿ ಒಂದೇ ಎಂದು ವಿದ್ವಾಂಸರು ಊಹಿಸುತ್ತಾರೆ. ಹಾಗೆಯೇ ಹಲವು ಜೀವಿಗಳ ಡಿಎನ್‌ಎ ಅಕ್ಷರಗಳನ್ನು ಸಾಲು ಸಾಲಾಗಿ ಹೊಂದಿಸಿ, ಸಮಾನವಾದ ಬದಲಾವಣೆಗಳಿಂದ ಅವುಗಳ ವಂಶವನ್ನು ಗಣಕಯಂತ್ರ ಊಹಿಸುತ್ತದೆ. ಇದು ಕೈಲೆಕ್ಕಕ್ಕೆ ನಿಲುಕುವ ಕಾರ್ಯವಲ್ಲ. ಕೇವಲ 10 ಜೀವಿಗಳಿಗೆ 3,44,59,425 ಬಗೆಯ ವಂಶವೃಕ್ಷಗಳು ಸಾಧ್ಯ!

1999ರಲ್ಲಿ ಹಲವು ಸಂಶೋಧಕರ ತಂಡಗಳು ಈ ವಿಧಾನದಿಂದ ಹೂ ಬಿಡುವ ಸಸ್ಯಗಳ ವಂಶವೃಕ್ಷವನ್ನು ರಚಿಸಿದವು. ಅದರಲ್ಲಿ ಉಳಿದೆಲ್ಲವುಗಳಿಂದ ಮೊದಲು ಬೇರ್ಪಟ್ಟ ಕವಲಾಗಿ ಕಂಡುಬಂದದ್ದು ಅಂಬೊರೆಲ್ಲ.