ಬೂನ್ ಮನೆತನದ ಇಬ್ಬರು ಇಸ್ರಾಯೇಲರು

ಕಾಡು ಕಡಿದು ದಾರಿ ಮಾಡಿ ಅಮೆರಿಕದ ಕೆಂಟಕಿಗೆ ವಲಸಿಗರನ್ನು ಕರೆದೊಯ್ದ ಡೇನಿಯಲ್ ಬೂನನ ಸಾಹಸಗಳನ್ನು ನೀವು ಕೇಳಿರಬಹುದು. ಆತನ ವಂಶಾವಳಿಯಲ್ಲಿ ಮತ್ತೆ ಬರುವ ಒಂದು ಹೆಸರಿದೆ. ಅದನ್ನು ಗಮನಿಸಿದ್ದೀರಾ?

ಬೂನ್ ಮನೆತನದವರು ಇಂಗ್ಲೆಂಡಿನಿಂದ ಪೆನ್ಸಿಲ್ವೇನಿಯಕ್ಕೆ ಬಂದ ಕ್ವೇಕರ್ ಪಂಥದ ಕ್ರೈಸ್ತರು. 1734ರಲ್ಲಿ ಹುಟ್ಟಿದ ಡೇನಿಯಲ್ 11 ಮಕ್ಕಳಲ್ಲಿ ಆರನೆಯವನು. ಅಣ್ಣ ಇಸ್ರಾಯೇಲ್ 1747ರಲ್ಲಿ ಪಂಥದ ಹೊರಗಿನವಳನ್ನು ಮದುವೆಯಾದ. ಹಿಂದೆ ಮಗಳು ಹಾಗೆ ಮಾಡಿದಾಗ ಸಭೆಯ ಕ್ಷಮೆ ಕೇಳಿದ್ದ ತಂದೆ ಸ್ಕ್ವೈರ್ ಬೂನ್ ಈ ಸಲ ಮಗನ ಪರ ನಿಂತ. ಮರುವರ್ಷ ಸಭೆ ಆತನನ್ನು ಹೊರಹಾಕಿತು. 1750ರಲ್ಲಿ ಕುಟುಂಬ ಊರು ಬಿಟ್ಟು ಉತ್ತರ ಕೆರೊಲಿನದ ದಾರಿ ಹಿಡಿಯಿತು.

ಅಲ್ಲಿ 1756ರಲ್ಲಿ ಡೇನಿಯಲ್ 17 ವರ್ಷದ ರೆಬೆಕ್ಕಳ ಕೈಹಿಡಿದ. ಅದೇ ವರ್ಷ ಇಸ್ರಾಯೇಲ್ ತೀರಿಕೊಂಡ. ಆತನ ತಬ್ಬಲಿ ಮಕ್ಕಳಾದ ಜೆಸ್ಸಿ ಮತ್ತು ಜೊನಾಥನ್ ಹೊಸ ದಂಪತಿಗಳ ಮನೆ ಸೇರಿದರು. ಮದುವೆಯಾಗಿ ಬಂದ ಹುಡುಗಿಗೆ ಆಗಲೇ ಇಬ್ಬರು ಗಂಡುಮಕ್ಕಳು! ಸಾಹಸಕಥೆಗಳಲ್ಲಿ ಈಕೆಗೆ ಒಂದೆರಡು ಸಾಲು ಮಾತ್ರ ಸಿಗುತ್ತದೆ, ಅದು ನ್ಯಾಯವಲ್ಲ. ಮುಂದೆ ತನ್ನದೇ 10 ಮಕ್ಕಳನ್ನು ಹೆತ್ತಳು. ಎರಡನೆಯ ಮಗನಿಗೆ ಇಟ್ಟ ಹೆಸರು ಇಸ್ರಾಯೇಲ್.

ಕೆಂಟಕಿ ಖಾಲಿ ನಾಡೇನೂ ಆಗಿರಲಿಲ್ಲ. ಅದು ಶಾನೀ, ಚೆರೋಕೀ ಮೊದಲಾದ ಮೂಲನಿವಾಸಿಗಳು ಬೇಟೆಯಾಡುತ್ತಿದ್ದ ನೆಲ. ಅಲ್ಲಿ ನೆಲೆಸಲು ಹೊರಟ ಮೊದಲ ಪಯಣದಲ್ಲೇ, 1773ರಲ್ಲಿ, ಹಿರಿಮಗ ಜೇಮ್ಸ್ ಹತನಾದ. 1782ರ ಆಗಸ್ಟ್ 19ರಂದು ಬ್ಲೂ ಲಿಕ್ಸ್ ಕಾಳಗದಲ್ಲಿ 23ರ ಹರೆಯದ ಇಸ್ರಾಯೇಲ್ ತಂದೆಯ ಕಣ್ಣೆದುರೇ ಬಿದ್ದ. ಶವವನ್ನು ಅಲ್ಲೇ ಬಿಟ್ಟು ಡೇನಿಯಲ್ ನದಿ ದಾಟಬೇಕಾಯಿತು.

1799ರಲ್ಲಿ ದಂಪತಿಗಳು ಮಿಸೌರಿಗೆ ಹೋದರು. ರೆಬೆಕ್ಕ 1813ರಲ್ಲಿ ತೀರಿಕೊಂಡಳು. ಡೇನಿಯಲ್ 1820ರಲ್ಲಿ, ಕಿರಿಮಗ ನೇಥನ್‌ನ ಮನೆಯಲ್ಲಿ ಕಣ್ಮುಚ್ಚಿದ.