ದಿವಂಗತ ಶ್ರೀ ಡಿ. ದೇವರಾಜ ಅರಸು: ಅಧಿನಿಯಮ, ನಿಯಮ ಮತ್ತು ಸದನದ ಹೊಣೆ

ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದ ದಿವಂಗತ ಶ್ರೀ ಡಿ. ದೇವರಾಜ ಅರಸು ಅವರು 1915ರ ಆಗಸ್ಟ್ 20ರಂದು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಕುಟುಂಬದಲ್ಲಿ ಜನಿಸಿದರು. ವಿಜ್ಞಾನ ಪದವಿ ಪಡೆದ ನಂತರ ಊರಿಗೆ ಮರಳಿ ಬೇಸಾಯದಲ್ಲಿ ತೊಡಗಿದರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. ಆ ಸಭೆಯಲ್ಲಿ ಪ್ರತಿನಿಧಿಗಳು ಅಹವಾಲುಗಳನ್ನು ಮಂಡಿಸಬಹುದಾಗಿತ್ತು. ಆದರೆ ಸರ್ಕಾರವು ಅದಕ್ಕೆ ಹೊಣೆಯಾಗಿರಲಿಲ್ಲ. ಸಂವಿಧಾನವು ಜಾರಿಗೆ ಬಂದ ಬಳಿಕ 1952ರಲ್ಲಿ ಹುಣಸೂರು ಕ್ಷೇತ್ರದಿಂದ ವಿಧಾನಸಭೆಯನ್ನು ಪ್ರವೇಶಿಸಿದ ಶ್ರೀಯುತರು, ಪ್ರಶ್ನೆ ಕೇಳುವ ಸದಸ್ಯರಾಗಿಯೂ ಉತ್ತರ ಹೇಳುವ ಸಚಿವರಾಗಿಯೂ ಸದನದ ಎರಡೂ ಬದಿಯನ್ನು ಕಂಡವರು.

1972ರ ಮಾರ್ಚ್ 20ರಂದು ಶ್ರೀ ಅರಸು ಅವರು ಮುಖ್ಯಮಂತ್ರಿಗಳಾದರು. ಅವರ ಆಡಳಿತದ ಪ್ರಮುಖ ಶಾಸನವಾದ ಭೂಸುಧಾರಣಾ ತಿದ್ದುಪಡಿಯು 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಗೇಣಿದಾರರ ಸ್ವಾಧೀನದಲ್ಲಿದ್ದ ಜಮೀನುಗಳು ಅಂದಿನಿಂದ ಸರ್ಕಾರದಲ್ಲಿ ನಿಹಿತಗೊಂಡವು. ಆದರೆ ಅಧಿನಿಯಮವೊಂದರಿಂದಲೇ ಉಳುವವನ ಕೈಗೆ ಹಕ್ಕುಪತ್ರ ಬರುವುದಿಲ್ಲ. ಅರ್ಜಿಯ ನಮೂನೆ ಯಾವುದು, ವಿಚಾರಣೆ ನಡೆಸುವ ವಿಧಾನವೇನು ಎಂಬ ವಿವರಗಳನ್ನು ನಿಯಮಗಳ ಮೂಲಕ ಗೊತ್ತುಪಡಿಸಬೇಕಾಗುತ್ತದೆ. ಅದರಂತೆ 1974ರಲ್ಲಿ ಕರ್ನಾಟಕ ಭೂಸುಧಾರಣಾ ನಿಯಮಗಳನ್ನು ರಚಿಸಲಾಯಿತು. ಗೇಣಿದಾರರು ಸಲ್ಲಿಸಿದ ನಮೂನೆ 7 ಈ ನಿಯಮಗಳಿಗೆ ಸೇರಿದ್ದು.

ಇಂತಹ ನಿಯಮಗಳ ಕರಡನ್ನು ಸಂಬಂಧಿಸಿದ ಇಲಾಖೆಯು ಸಿದ್ಧಪಡಿಸುತ್ತದೆ. ಕಾನೂನು ಇಲಾಖೆಯು ಪರಿಶೀಲಿಸುತ್ತದೆ. ಸಂವಿಧಾನದ 166ನೇ ಅನುಚ್ಛೇದದಂತೆ ಸರ್ಕಾರದ ಆದೇಶಗಳು ರಾಜ್ಯಪಾಲರ ಹೆಸರಿನಲ್ಲಿ ಹೊರಡುತ್ತವೆ. ಅಧಿಕಾರ ಪಡೆದ ಅಧಿಕಾರಿಯು ಸಹಿ ಮಾಡಿ ಅವನ್ನು ಅಧಿಪ್ರಮಾಣೀಕರಿಸುತ್ತಾರೆ. ಎಷ್ಟೇ ಪ್ರಬಲ ಮುಖ್ಯಮಂತ್ರಿಯಿದ್ದರೂ ರಾಜ್ಯಪತ್ರದ ಅಧಿಸೂಚನೆಯ ಕೆಳಗೆ ಸಾಮಾನ್ಯವಾಗಿ ಕಾಣುವುದು ಕಾರ್ಯದರ್ಶಿ ಅಥವಾ ಅಧೀನ ಕಾರ್ಯದರ್ಶಿಯ ಹೆಸರೇ. ಅನಂತರ ನಿಯಮಗಳನ್ನು ವಿಧಾನಮಂಡಲದ ಉಭಯ ಸದನಗಳ ಮುಂದೆ ಒಟ್ಟು 30 ದಿನಗಳ ಕಾಲ ಇಡತಕ್ಕದ್ದು ಎಂಬ ಉಪಬಂಧವು ರಾಜ್ಯದ ಅಧಿನಿಯಮಗಳಲ್ಲಿ ವಾಡಿಕೆಯಾಗಿದೆ. ಸದನಗಳು ಒಪ್ಪಿ ನಿಯಮವನ್ನು ಮಾರ್ಪಡಿಸಬಹುದು ಅಥವಾ ರದ್ದುಪಡಿಸಬಹುದು. ಆದರೂ ಅದಕ್ಕೆ ಮೊದಲು ಆ ನಿಯಮದಂತೆ ನಡೆದ ಕಾರ್ಯಗಳ ಸಿಂಧುತ್ವಕ್ಕೆ ಬಾಧಕವಾಗದು. ನಿಯಮವು ಮೂಲ ಅಧಿನಿಯಮದ ಎಲ್ಲೆಯನ್ನು ಮೀರಿದೆಯೇ ಎಂಬುದನ್ನು ಅಧೀನ ಶಾಸನ ರಚನಾ ಸಮಿತಿಯು ಪರಿಶೀಲಿಸುತ್ತದೆ.

ತಾಲ್ಲೂಕು ಮಟ್ಟದಲ್ಲಿ ಭೂ ನ್ಯಾಯಮಂಡಳಿಗಳು ರಚನೆಯಾದವು. ಸಹಾಯಕ ಆಯುಕ್ತರು ಅಧ್ಯಕ್ಷರು. ಸರ್ಕಾರ ನಾಮಕರಣ ಮಾಡಿದ ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಎಚ್.ಡಿ. ಕೋಟೆಯ ಗೇಣಿದಾರರು ನಮೂನೆ 7 ಹಿಡಿದು ಜಮೀನಿನ ಒಡೆಯರ ಎದುರಿಗೇ ನಿಲ್ಲಬೇಕಾಗಿತ್ತು. ವಕೀಲರ ಹಾಜರಿಯನ್ನು ಅಧಿನಿಯಮವೇ ನಿಷೇಧಿಸಿತ್ತು. ಬಡ ಗೇಣಿದಾರನಿಗೆ ಇದರಿಂದ ಅನುಕೂಲವಾಯಿತೆಂಬುದು ನಿಜವಾದರೂ, 1987ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ನಿಷೇಧವನ್ನು ಅಸಿಂಧುಗೊಳಿಸಿತು. ಅರ್ಜಿ ಸಲ್ಲಿಸುವ ಅವಧಿಯನ್ನು ಅಂತಿಮವಾಗಿ 1979ರ ಜೂನ್ 30ರವರೆಗೆ ವಿಸ್ತರಿಸಲಾಗಿತ್ತು.

ಹಿಂದುಳಿದ ವರ್ಗಗಳ ಮೀಸಲಾತಿಯ ದಾರಿ ಬೇರೆಯಾಗಿತ್ತು. ಶ್ರೀ ಎಲ್.ಜಿ. ಹಾವನೂರು ಆಯೋಗವು 1975ರಲ್ಲಿ ವರದಿ ನೀಡಿತು. 1977ರ ಫೆಬ್ರವರಿಯಲ್ಲಿ ಅದು ಜಾರಿಯಾದದ್ದು ಸರ್ಕಾರಿ ಆದೇಶದ ಮೂಲಕ, ಅಧಿನಿಯಮದ ಮೂಲಕವಲ್ಲ. ಆ ಆದೇಶವೂ ನ್ಯಾಯಾಲಯದ ಪರಿಶೀಲನೆಗೆ ಒಳಪಟ್ಟಿತು.

ಅದೇ ವರ್ಷ ಅಧಿಸೂಚನೆಯೊಂದು ಶ್ರೀ ಅರಸು ಅವರ ಮೇಲೆಯೇ ಬಂದಿತು. ಆರೋಪಗಳ ವಿಚಾರಣೆಗೆ ರಾಜ್ಯ ಸರ್ಕಾರವು ಮೇ 18ರಂದು ಆಯೋಗವನ್ನು ನೇಮಿಸಿತ್ತು. ಐದೇ ದಿನಗಳಲ್ಲಿ, ಮೇ 23ರಂದು, ಕೇಂದ್ರ ಸರ್ಕಾರವು ನ್ಯಾಯಮೂರ್ತಿ ಎ.ಎನ್. ಗ್ರೋವರ್ ಆಯೋಗವನ್ನು ನೇಮಿಸಿತು. ರಾಜ್ಯದ ಸಚಿವರು ತಮ್ಮ ವಿಧಾನಮಂಡಲಕ್ಕೆ ಹೊಣೆಯಾಗಿರುವಾಗ ಕೇಂದ್ರದ ಅಧಿಸೂಚನೆಯು ಆ ಹೊಣೆಯ ನಡುವೆ ಪ್ರವೇಶಿಸಲಾಗದು ಎಂದು ರಾಜ್ಯವು ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. ನವೆಂಬರ್ 8ರ ಬಹುಮತದ ತೀರ್ಪು ರಾಜ್ಯದ ವಿರುದ್ಧವಾಯಿತು. ಸದನಕ್ಕೆ ಹೊಣೆಯಾಗಿರುವುದು ಕಾನೂನಿನಂತೆ ನಡೆಯುವ ವಿಚಾರಣೆಗೆ ಅಡ್ಡಿಯಲ್ಲವೆಂಬುದು ಅದರಿಂದ ಸ್ಥಿರಪಟ್ಟಿತು.

1977ರ ಡಿಸೆಂಬರ್ 31ರಂದು ರಾಷ್ಟ್ರಪತಿ ಆಡಳಿತ ಜಾರಿಯಾಯಿತು. 1978ರ ಫೆಬ್ರವರಿಯಲ್ಲಿ ಜನಾದೇಶ ಪಡೆದು ಮರಳಿದ ಶ್ರೀ ಅರಸು ಅವರು 1980ರ ಜನವರಿಯವರೆಗೆ ಮುಖ್ಯಮಂತ್ರಿಗಳಾಗಿದ್ದು, 1982ರ ಜೂನ್ 6ರಂದು ನಿಧನರಾದರು.

ನ್ಯಾಯಮಂಡಳಿಯ ಆದೇಶದ ನಂತರ ತಹಸೀಲ್ದಾರರು ಸಹಿ ಮಾಡಿ ಅಧಿಭೋಗದಾರರಿಗೆ ನೀಡಿದ ಪ್ರಮಾಣಪತ್ರವೇ ನಮೂನೆ 10. ಹಳೆಯ ಜಮೀನಿನ ದಾಖಲೆಗಳ ನಡುವೆ ಅದು ಹಲವು ಕುಟುಂಬಗಳಲ್ಲಿ ದೊರೆಯುತ್ತದೆ.