ಗಣಿತ ಮೇಧಾವಿ ರಾಮಾನುಜನ್

ಮಕ್ಕಳೇ, ತಮಿಳುನಾಡಿನಲ್ಲಿ ಹುಟ್ಟಿ ಜಗತ್ತಿನ ಮಹಾ ಗಣಿತಜ್ಞರ ಸಾಲಿನಲ್ಲಿ ನಿಂತವರು ಶ್ರೀನಿವಾಸ ರಾಮಾನುಜನ್. 2012ರಿಂದ ನಮ್ಮ ದೇಶದಲ್ಲಿ ಡಿಸೆಂಬರ್ 22ನ್ನು ರಾಷ್ಟ್ರೀಯ ಗಣಿತ ದಿನವಾಗಿ ಆಚರಿಸುತ್ತೇವೆ. ಅದು ಅವರು ಹುಟ್ಟಿದ ದಿನ. ಇಷ್ಟು ದೊಡ್ಡ ಗಣಿತಜ್ಞರೂ ಒಮ್ಮೊಮ್ಮೆ ತಪ್ಪುತ್ತಿದ್ದರು ಎಂದರೆ ನೀವು ನಂಬುವಿರಾ? ಅವರ ಬಾಳಿನ ಕಥೆಯನ್ನೂ ಆ ತಪ್ಪಿನ ಕಥೆಯನ್ನೂ ಈ ಪಾಠದಲ್ಲಿ ತಿಳಿಯೋಣ.

ರಾಮಾನುಜನ್ 1887ರಲ್ಲಿ ಈರೋಡಿನಲ್ಲಿ, ತಾಯಿಯ ತವರು ಮನೆಯಲ್ಲಿ ಜನಿಸಿದರು. ಬೆಳೆದದ್ದು ಕುಂಭಕೋಣದಲ್ಲಿ. ತಂದೆ ಶ್ರೀನಿವಾಸ ಅಯ್ಯಂಗಾರ್ ಅಲ್ಲಿನ ಸೀರೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ತಾಯಿ ಕೋಮಲತಮ್ಮಾಳ್ ದೇವಸ್ಥಾನದಲ್ಲಿ ಭಜನೆ ಹಾಡುತ್ತಿದ್ದರು. ಮನೆಯಲ್ಲಿ ಬಡತನವಿತ್ತು. ಆದರೆ ಹುಡುಗನಿಗೆ ಲೆಕ್ಕವೆಂದರೆ ಪಂಚಪ್ರಾಣ.

1903ರಲ್ಲಿ ಅವರ ಕೈಗೆ ಕಾರ್ ಎಂಬ ಆಂಗ್ಲ ಶಿಕ್ಷಕರು ಬರೆದ ಗಣಿತ ಪುಸ್ತಕವೊಂದು ಸಿಕ್ಕಿತು. ಅದರಲ್ಲಿ ಸುಮಾರು 5000 ಫಲಿತಾಂಶಗಳಿದ್ದವು. ಆದರೆ ಅವು ಏಕೆ ಸರಿ ಎಂಬ ವಿವರಣೆ ಬಹಳ ಕಡಿಮೆ ಇತ್ತು. ರಾಮಾನುಜನ್ ಒಂದೊಂದನ್ನೂ ತಾವೇ ಮಾಡಿ ನೋಡಿದರು. ಮಾಡುತ್ತಾ ಮಾಡುತ್ತಾ ಹೊಸ ಸೂತ್ರಗಳೂ ಹೊಳೆದವು.

1904ರಲ್ಲಿ ವಿದ್ಯಾರ್ಥಿವೇತನ ಪಡೆದು ಕುಂಭಕೋಣದ ಕಾಲೇಜಿಗೆ ಸೇರಿದರು. ಗಣಿತದಲ್ಲೇ ಮುಳುಗಿದ್ದ ಅವರು ಬೇರೆ ಪಾಠಗಳನ್ನು ಓದಲಿಲ್ಲ. ಹಾಗಾಗಿ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ವಿದ್ಯಾರ್ಥಿವೇತನ ನಿಂತುಹೋಯಿತು. ಆಮೇಲೆ ಮದ್ರಾಸಿನ ಪಚ್ಚೈಯಪ್ಪ ಕಾಲೇಜಿಗೆ ಸೇರಿದರು. ಅಲ್ಲಿಯೂ ಹಾಗೆಯೇ ಆಯಿತು. ಪದವಿಯಿಲ್ಲ, ಕೆಲಸವಿಲ್ಲ. ಕೆಲವು ವರ್ಷ ಅವರು ಬಹಳ ಕಷ್ಟಪಟ್ಟರು. ಆದರೂ ಗಣಿತವನ್ನು ಬಿಡಲಿಲ್ಲ.

ಆಗ ಕಾಗದ ಕೊಳ್ಳಲು ಅವರ ಬಳಿ ಹಣವಿರಲಿಲ್ಲ. ಆದ್ದರಿಂದ ಸ್ಲೇಟಿನ ಮೇಲೆ ಲೆಕ್ಕ ಮಾಡುತ್ತಿದ್ದರು. ಸ್ಲೇಟು ತುಂಬಿದರೆ ಮೊಣಕೈಯಿಂದ ಒರೆಸುತ್ತಿದ್ದರು. ಕೊನೆಯ ಉತ್ತರವನ್ನು ಮಾತ್ರ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಉತ್ತರ ಉಳಿಯುತ್ತಿತ್ತು, ಅದಕ್ಕೆ ಬಂದ ದಾರಿ ಅಳಿಸಿಹೋಗುತ್ತಿತ್ತು. ಇದನ್ನು ನೆನಪಿಡಿ.

1911ರಲ್ಲಿ ರಾಮಾನುಜನ್ ಅವರ ಮೊದಲ ಲೇಖನ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದು ಬರ್ನೂಲಿ ಸಂಖ್ಯೆಗಳು ಎಂಬ ವಿಶೇಷ ಭಿನ್ನರಾಶಿಗಳ ಬಗ್ಗೆ ಬರೆದ ಲೇಖನ. ಈ ಭಿನ್ನರಾಶಿಗಳನ್ನು ಒಂದು ರೀತಿಯಲ್ಲಿ ಸಂಕ್ಷೇಪಿಸಿದರೆ ಮೇಲಿನ ಅಂಶವಾಗಿ ಮೊದಮೊದಲು ಬರೀ 1 ಬರುತ್ತದೆ. ಮುಂದೆ 691, 3617, 43867 ಎಂಬ ಸಂಖ್ಯೆಗಳು ಬರುತ್ತವೆ. ಈ ಮೂರೂ ಅವಿಭಾಜ್ಯ ಸಂಖ್ಯೆಗಳು. ಅಂದರೆ 1 ಮತ್ತು ಅದೇ ಸಂಖ್ಯೆಯನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ. ಮುಂದೆಯೂ ಹೀಗೆಯೇ ಅವಿಭಾಜ್ಯ ಸಂಖ್ಯೆಗಳೇ ಬರುತ್ತವೆ ಎಂದು ರಾಮಾನುಜನ್ ಬರೆದರು. ಅದಕ್ಕೆ ರುಜುವಾತು ಕೊಡಲಿಲ್ಲ.

ರುಜುವಾತು ಏಕೆ ಬೇಕು? ತೇನಿ ಜಿಲ್ಲೆಯ ಕಂಬಂ ಕಣಿವೆ ದ್ರಾಕ್ಷಿಗೆ ಹೆಸರಾದದ್ದು. ಅಲ್ಲಿನ ಹನುಮಂತನಪಟ್ಟಿಯಂತಹ ಊರುಗಳ ಮಕ್ಕಳಿಗೆ ದ್ರಾಕ್ಷಿಯ ರುಚಿ ಚೆನ್ನಾಗಿ ಗೊತ್ತು. ಬುಟ್ಟಿಯಿಂದ ಮೂರು ಹಣ್ಣು ತಿಂದಿರಿ, ಮೂರೂ ಸಿಹಿ. ಹಾಗೆಂದು ಬುಟ್ಟಿಯ ಎಲ್ಲ ಹಣ್ಣುಗಳೂ ಸಿಹಿ ಎನ್ನಬಹುದೇ? ನಾಲ್ಕನೆಯದು ಹುಳಿಯಾದರೆ ಆ ಮಾತು ಸುಳ್ಳಾಯಿತು. ಗಣಿತದಲ್ಲಿಯೂ ಹಾಗೆಯೇ. 43867ರ ಮುಂದಿನ ಸಂಖ್ಯೆ 174611. ಈಗ 283ನ್ನು 617ರಿಂದ ಗುಣಿಸಿ ನೋಡಿ. ಸರಿಯಾಗಿ 174611 ಬರುತ್ತದೆ! ಅದು ಅವಿಭಾಜ್ಯ ಸಂಖ್ಯೆಯಲ್ಲ. ಒಂದೇ ಒಂದು ಗುಣಾಕಾರದಿಂದ ಮಹಾ ಮೇಧಾವಿಯ ಮಾತು ತಪ್ಪಾಯಿತು.

ಇದೇ ಬರ್ನೂಲಿ ಸಂಖ್ಯೆಗಳಲ್ಲಿ ಇನ್ನೊಂದು ತಮಾಷೆ ಇದೆ. 1843ರಲ್ಲಿ ಇಂಗ್ಲೆಂಡಿನ ಅಡಾ ಲವ್‌ಲೇಸ್ ಎಂಬ ಮಹಿಳೆ ಈ ಸಂಖ್ಯೆಗಳನ್ನು ಯಂತ್ರದಿಂದ ಲೆಕ್ಕ ಮಾಡಿಸುವ ಕ್ರಮವನ್ನು ಪ್ರಕಟಿಸಿದರು. ಆ ಯಂತ್ರ ಇನ್ನೂ ತಯಾರಾಗಿರಲಿಲ್ಲ. ಕಂಪ್ಯೂಟರಿಗಾಗಿ ಬರೆದ ಮೊದಲ ಪ್ರೋಗ್ರಾಂ ಅದೇ ಎಂದು ಹಲವರು ಹೇಳುತ್ತಾರೆ. ಅದರ ನಾಲ್ಕನೆಯ ಹಂತದಲ್ಲಿ ಭಾಗಾಕಾರ ತಿರುವುಮುರುವಾಗಿ ಅಚ್ಚಾಗಿತ್ತು! ಈಗಿನ ಪ್ರೋಗ್ರಾಂ ಬರೆಯುವವರು ಇಂತಹ ತಪ್ಪನ್ನು ಬಗ್ ಎನ್ನುತ್ತಾರೆ. ಬಗ್ ಎಂದರೆ ಹುಳು. ಒಂದು ಹುಳುವನ್ನು ಹಿಡಿದರೆ ಎರಡು ಹುಳು ಹುಟ್ಟುತ್ತವೆ ಎಂದು ಅವರು ನಗೆಯಾಡುವುದುಂಟು. ಒಂದು ಚಿಹ್ನೆಯನ್ನು ಬರೆಯಲು ಮರೆತರೂ ಕಂಪ್ಯೂಟರು ಕೆಲಸ ನಿಲ್ಲಿಸಿ ತಪ್ಪನ್ನು ತೋರಿಸಬಹುದು. ಕಾಗದದ ಮೇಲಿನ ಗಣಿತಕ್ಕೆ ಅಂತಹ ಕಾವಲುಗಾರನಿಲ್ಲ. ತಪ್ಪು ಸದ್ದಿಲ್ಲದೆ ಕುಳಿತಿರುತ್ತದೆ. ಅದನ್ನು ಹುಡುಕಲು ಇನ್ನೊಬ್ಬರ ಕಣ್ಣು ಬೇಕು.

ರಾಮಾನುಜನ್ ಅವರಿಗೆ ಅಂತಹ ಕಣ್ಣು ಸಿಕ್ಕಿತು. 1912ರಲ್ಲಿ ಅವರು ಮದ್ರಾಸು ಬಂದರಿನ ಕಚೇರಿಯಲ್ಲಿ ಗುಮಾಸ್ತರಾದರು. ತಿಂಗಳಿಗೆ 30 ರೂಪಾಯಿ ಸಂಬಳ. 1913ರ ಜನವರಿಯಲ್ಲಿ ಅವರು ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿದ್ದ ಗಣಿತಜ್ಞ ಹಾರ್ಡಿ ಅವರಿಗೆ ಪತ್ರ ಬರೆದರು. ಅದರಲ್ಲಿ ನೂರಕ್ಕೂ ಹೆಚ್ಚು ಫಲಿತಾಂಶಗಳಿದ್ದವು. ಹಾರ್ಡಿ ತಮ್ಮ ಗೆಳೆಯ ಲಿಟಲ್‌ವುಡ್ ಅವರೊಡನೆ ಕುಳಿತು ಅವನ್ನು ಪರೀಕ್ಷಿಸಿದರು. ಕೆಲವು ಮೊದಲೇ ತಿಳಿದಿದ್ದವು. ಕೆಲವು ಯಾರೂ ಕಾಣದಂತಹವು. ಅವಿಭಾಜ್ಯ ಸಂಖ್ಯೆಗಳನ್ನು ಎಣಿಸುವ ಬಗ್ಗೆ ಬರೆದದ್ದು ಮಾತ್ರ ತಪ್ಪಾಗಿತ್ತು. ಒಂದು ತಪ್ಪು ಕಂಡಿತೆಂದು ಹಾರ್ಡಿ ಆ ಪತ್ರವನ್ನು ಮೂಲೆಗೆ ಎಸೆಯಲಿಲ್ಲ. ಬರೆದವರು ಅಸಾಮಾನ್ಯರು ಎಂಬುದನ್ನು ಗುರುತಿಸಿ, ಕೇಂಬ್ರಿಡ್ಜಿಗೆ ಕರೆದರು.

1914ರ ಮಾರ್ಚಿನಲ್ಲಿ ರಾಮಾನುಜನ್ ಹಡಗು ಹತ್ತಿದರು. ಕೇಂಬ್ರಿಡ್ಜಿನಲ್ಲಿ ಹಾರ್ಡಿ ಪ್ರತಿ ಸೂತ್ರಕ್ಕೂ ರುಜುವಾತು ಕೇಳುತ್ತಿದ್ದರು. ಇಬ್ಬರೂ ಸೇರಿ ಸಂಖ್ಯೆಗಳನ್ನು ಬಿಡಿಸಿ ಬರೆಯುವ ರೀತಿಗಳನ್ನು ಎಣಿಸಲು ಒಂದು ಸೂತ್ರ ಕಂಡುಹಿಡಿದರು. ಉದಾಹರಣೆಗೆ 4ನ್ನು ಐದು ರೀತಿಯಲ್ಲಿ ಬರೆಯಬಹುದು: 4, 3+1, 2+2, 2+1+1, 1+1+1+1. ಹಾಗಾದರೆ 200ನ್ನು ಎಷ್ಟು ರೀತಿಯಲ್ಲಿ ಬರೆಯಬಹುದು? ಮೆಕ್‌ಮಹೊನ್ ಎಂಬ ಗಣಿತಜ್ಞರು ಕೈಯಿಂದಲೇ ಲೆಕ್ಕ ಮಾಡಿದರು. 39,72,99,90,29,388 ಎಂದು ಉತ್ತರ ಬಂತು. ಸೂತ್ರದಿಂದ ಬಂದ ಉತ್ತರವೂ ಅದೇ!

1918ರಲ್ಲಿ ರಾಮಾನುಜನ್ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು. ಪರೀಕ್ಷೆಗಳಲ್ಲಿ ಸೋತಿದ್ದವರಿಗೆ ಎಂತಹ ಗೌರವ! ಆದರೆ ಅಲ್ಲಿನ ಚಳಿ, ಯುದ್ಧಕಾಲದ ಆಹಾರದ ಕೊರತೆಗಳ ನಡುವೆ ಅವರ ಆರೋಗ್ಯ ಕೆಟ್ಟಿತು. ಒಮ್ಮೆ ಹಾರ್ಡಿ ಅವರನ್ನು ನೋಡಲು ಬಂದರು. ತಾವು ಬಂದ ಟ್ಯಾಕ್ಸಿಯ ಸಂಖ್ಯೆ 1729, ಅದರಲ್ಲಿ ವಿಶೇಷವೇನೂ ಇಲ್ಲ ಎಂದರು. ಕಾಯಿಲೆಯಲ್ಲಿದ್ದ ರಾಮಾನುಜನ್ ಕೂಡಲೇ ಅದನ್ನು ಒಪ್ಪಲಿಲ್ಲ. ಎರಡು ಘನಗಳ ಮೊತ್ತವಾಗಿ ಎರಡು ರೀತಿಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅದು ಎಂದು ತಿಳಿಸಿದರು. 1728+1 ಮತ್ತು 1000+729 ಕೂಡಿ ನೋಡಿ.

1919ರಲ್ಲಿ ಅವರು ತಾಯ್ನಾಡಿಗೆ ಮರಳಿದರು. ಹಾಸಿಗೆಯಲ್ಲಿದ್ದಾಗಲೂ ಸಂಖ್ಯೆಗಳನ್ನು ಬರೆಯುತ್ತಲೇ ಇದ್ದರು. 1920ರ ಏಪ್ರಿಲ್ 26ರಂದು ಮದ್ರಾಸಿನಲ್ಲಿ ತೀರಿಕೊಂಡರು. ಆಗ ಅವರಿಗೆ ಕೇವಲ 32 ವರ್ಷ.

ಅವರ ಲೆಕ್ಕಗಳು ಮಾತ್ರ ಬದುಕಿಕೊಂಡವು. ಪೈ ಎಂಬ ಸಂಖ್ಯೆಯ ಬೆಲೆಗೆ ಅವರು 1914ರಲ್ಲಿ ಒಂದು ಸೂತ್ರ ಪ್ರಕಟಿಸಿದ್ದರು. 1985ರಲ್ಲಿ ಅಮೆರಿಕದ ಗಾಸ್ಪರ್ ಅದನ್ನು ಬಳಸಿ ಕಂಪ್ಯೂಟರಿನಿಂದ ಪೈಯ ಒಂದು ಕೋಟಿ ಎಪ್ಪತ್ತೈದು ಲಕ್ಷ ಅಂಕಿಗಳನ್ನು ಪಡೆದರು. ಆಗಲೂ ಆ ಸೂತ್ರಕ್ಕೆ ಪೂರ್ಣ ರುಜುವಾತು ಇರಲಿಲ್ಲ. 1987ರಲ್ಲಿ ಬಾರ್ವೈನ್ ಸಹೋದರರು ಅದನ್ನು ಕೊಟ್ಟರು. ಸೂತ್ರ ಸರಿಯಾಗಿಯೇ ಇತ್ತು. ರಾಮಾನುಜನ್ ಅವರ ಹಳೆಯ ಪುಸ್ತಕಗಳಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಫಲಿತಾಂಶಗಳನ್ನು ಬ್ರೂಸ್ ಬರ್ನ್ಟ್ ಎಂಬ ಗಣಿತಜ್ಞರು ಹಲವು ವರ್ಷ ಪರಿಶೀಲಿಸಿದರು. ತಪ್ಪಾದವು ಬೆರಳೆಣಿಕೆಯಷ್ಟು. ಮೊಣಕೈಯಿಂದ ಅಳಿಸಿಹೋದ ದಾರಿಯನ್ನು ಮತ್ತೆ ಹುಡುಕಲು ಇಷ್ಟು ಜನ ದುಡಿಯಬೇಕಾಯಿತು.

ಮಕ್ಕಳೇ, ಲೆಕ್ಕ ತಪ್ಪಿದರೆ ಅಳಬೇಡಿ, ಗೆಳೆಯರ ಲೆಕ್ಕ ತಪ್ಪಿದರೆ ಅಣಕಿಸಬೇಡಿ. ಉತ್ತರದ ಜೊತೆಗೆ ಅದಕ್ಕೆ ಬಂದ ದಾರಿಯನ್ನೂ ಬರೆಯಿರಿ. ಆಗ ತಪ್ಪು ಎಲ್ಲಾಯಿತೆಂದು ನಿಮಗೂ ತಿಳಿಯುತ್ತದೆ, ಇನ್ನೊಬ್ಬರೂ ತೋರಿಸಿಕೊಡಬಹುದು. ದೊಡ್ಡವರು ಹೇಳಿದ್ದಾದರೂ ಸರಿಯೇ, ಒಮ್ಮೆ ಮಾಡಿ ನೋಡಿ.